ಕೊಬ್ಬಿನ ಗುಳ್ಳೆಯೊಳಗಿನ ಔಷಧ, ಮತ್ತು ಅದರ ಹಿಂದೆ ಬಿದ್ದವರು

2021ರ ಬೇಸಿಗೆ ನೆನಪಿದೆಯಲ್ಲ? ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬ್ಲ್ಯಾಕ್ ಫಂಗಸ್ ಬಂತು. ಅದಕ್ಕೆ ಕೊಡಬೇಕಾದ ಇಂಜೆಕ್ಷನ್ ಸಾಕಷ್ಟು ಸಿಗಲಿಲ್ಲ. ಜನ ಆಸ್ಪತ್ರೆಯಿಂದ ಮೆಡಿಕಲ್ ಶಾಪಿಗೆ, ಅಲ್ಲಿಂದ ಇನ್ನೊಂದು ಊರಿಗೆ ಓಡಾಡಿದರು. ಆ ಔಷಧದ ಹೆಸರು ಲೈಪೋಸೋಮಲ್ ಆಂಫೋಟೆರಿಸಿನ್ ಬಿ. ಪೇಪರ್‌ನಲ್ಲಿ, ಟಿವಿಯಲ್ಲಿ ದಿನವೂ ಈ ಹೆಸರು ಬರುತ್ತಿತ್ತು. ಅದೊಂದು ನ್ಯಾನೋ ಔಷಧ ಅನ್ನುವ ಮಾತು ಮಾತ್ರ ಅಷ್ಟಾಗಿ ಕಿವಿಗೆ ಬೀಳಲಿಲ್ಲ.

ಆಂಫೋಟೆರಿಸಿನ್ ಹೊಸದೇನಲ್ಲ. 1950ರ ದಶಕದಿಂದ ಇದೆ. ಫಂಗಸ್ಸನ್ನು ಕೊಲ್ಲುತ್ತದೆ, ಆದರೆ ಜೊತೆಗೆ ರೋಗಿಯ ಕಿಡ್ನಿಯನ್ನೂ ಹಾಳು ಮಾಡುತ್ತದೆ. ಅದೇ ಔಷಧವನ್ನು ಕೊಬ್ಬಿನ ತೀರಾ ಸಣ್ಣ ಗುಳ್ಳೆಯಲ್ಲಿ (ಇದೇ ಲೈಪೋಸೋಮ್) ಇಟ್ಟು ಕೊಟ್ಟರೆ ಕಿಡ್ನಿಗೆ ಪೆಟ್ಟು ಬಹಳ ಕಡಿಮೆ. ಬಿಹಾರದಲ್ಲಿ ಕಾಲಾ ಅಜಾರ್ ಎಂಬ, ಮರಳು ನೊಣದಿಂದ ಹರಡುವ ಜ್ವರದ ರೋಗಿಗಳಿಗೂ ಇದೇ ಗುಳ್ಳೆ ವರವಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯ ಶ್ಯಾಮ್ ಸುಂದರ್ ಮತ್ತು ಜೊತೆಗಾರರು 2010ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಾದಾ ಆಂಫೋಟೆರಿಸಿನ್ ಆದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಗುಳ್ಳೆಯ ರೂಪದಲ್ಲಿ ಕೊಟ್ಟಾಗ ಒಂದೇ ಒಂದು ಡೋಸ್ ಸಾಕಾಯಿತು. ಶೇ 95ರಷ್ಟು ರೋಗಿಗಳು ಗುಣವಾದರು. ಔಷಧ ಅದೇ, ಸುತ್ತಿ ಕೊಟ್ಟ ರೀತಿ ಬೇರೆ.

ನ್ಯಾನೋ ತಂತ್ರಜ್ಞಾನ ಅಂದ ತಕ್ಷಣ ರಕ್ತದಲ್ಲಿ ಈಜುವ ಪುಟ್ಟ ರೋಬೋಗಳು ಕಣ್ಮುಂದೆ ಬರುತ್ತವೆ. ಅದೂ ಇದೆ, ಅದಕ್ಕೆ ಆಮೇಲೆ ಬರೋಣ. ಆದರೆ ರೋಗಿಯ ತನಕ ನಿಜವಾಗಿ ತಲುಪಿದ ನ್ಯಾನೋ ವೈದ್ಯಕೀಯದಲ್ಲಿ ದೊಡ್ಡ ಪಾಲು ಈ ಸುತ್ತಿ ಕೊಡುವ ಕೆಲಸದ್ದು. ಅದನ್ನು ಸಾಧಿಸಿದ ವಿಜ್ಞಾನಿಗಳ ವೃತ್ತಿಯನ್ನು ನೋಡುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಇವರಲ್ಲಿ ಹೆಚ್ಚಿನವರು ತಾವು ಓದಿದ ವಿಭಾಗದಲ್ಲಿ ಉಳಿಯಲಿಲ್ಲ. ಕೆಮಿಕಲ್ ಎಂಜಿನಿಯರ್ ಆಸ್ಪತ್ರೆ ಸೇರಿದ. ಭೌತಶಾಸ್ತ್ರ ಓದಿದವನು ಜೀವರಸಾಯನ ವಿಭಾಗಕ್ಕೆ ಹೋದ. ರಸಾಯನಶಾಸ್ತ್ರ ಓದಿದಾಕೆ ಜೀವಕೋಶದ ಒಳಗೆ ಇಳಿದಳು. ಹೋದ ಕಡೆ ಹಲವರಿಗೆ ತುಂಬಾ ಕಾಲ ಸರಿಯಾದ ಕುರ್ಚಿಯೂ ಸಿಗಲಿಲ್ಲ.

ಎಷ್ಟು ಸಣ್ಣದು, ಯಾಕೆ ಸಣ್ಣದು

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಕೆಂಪು ರಕ್ತಕಣ 7 ಸಾವಿರದಷ್ಟು. ಕೊರೋನಾ ವೈರಸ್ ಸುಮಾರು 100. ನಾವು ಮಾತಾಡುತ್ತಿರುವ ಗುಳ್ಳೆಗಳೂ ಹೆಚ್ಚುಕಮ್ಮಿ ಅಷ್ಟೇ, ವೈರಸ್ಸಿನ ಗಾತ್ರ.

ಸಣ್ಣದಾದಷ್ಟೂ ಒಳ್ಳೆಯದು ಅಂತೇನಿಲ್ಲ. ಐದಾರು ನ್ಯಾನೋಮೀಟರ್‌ಗಿಂತ ಸಣ್ಣ ಕಣಗಳನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ಇನ್ನೂರು ದಾಟಿದರೆ ಗುಲ್ಮ ಮತ್ತು ಲಿವರ್ ಹಿಡಿದು ಹಾಕುತ್ತವೆ. ನಡುವಿನ ಅಳತೆಯ ಕಣಗಳಿಗೆ ಮಾತ್ರ ರಕ್ತದಲ್ಲಿ ಸ್ವಲ್ಪ ಹೊತ್ತು ಸುತ್ತಾಡುವ ಅವಕಾಶ. ಅದೂ ಮೇಲ್ಮೈ ಸರಿಯಾಗಿದ್ದರೆ. ಈ ಕ್ಷೇತ್ರದ ಅರ್ಧ ಸಂಶೋಧನೆ ಈ ಕಣ್ಣಾಮುಚ್ಚಾಲೆಯದೇ.

ರಕ್ತ ನೋಡಲು ಹೋದವನಿಗೆ ಸಿಕ್ಕಿದ್ದು

ಆಲೆಕ್ ಬ್ಯಾಂಗಮ್ ಇಂಗ್ಲೆಂಡಿನ ರಕ್ತತಜ್ಞ. ಕೇಂಬ್ರಿಜ್ ಹತ್ತಿರದ ಬಾಬ್ರಹಾಮ್ ಎಂಬಲ್ಲಿ ಪ್ರಾಣಿಗಳ ದೇಹಕ್ರಿಯೆಯ ಸಂಶೋಧನಾ ಸಂಸ್ಥೆಯಲ್ಲಿದ್ದ. 1960ರ ದಶಕದ ಆರಂಭದಲ್ಲಿ ಆತ ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬನ್ನು ಅಭ್ಯಾಸ ಮಾಡುತ್ತಿದ್ದ. ಈ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ನೀರಿಗೆ ಹಾಕಿದರೆ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ಒಟ್ಟುಗೂಡುವ ಹಾಗೆ ಇವೂ ಒಟ್ಟುಗೂಡುತ್ತವೆ. ಆದರೆ ತಲೆಗಳು ನೀರಿನ ಕಡೆಗೇ ಇರಬೇಕಲ್ಲ? ಹಾಗಾಗಿ ಎರಡು ಪದರದ ಹಾಳೆಯಾಗಿ, ಆ ಹಾಳೆ ಮಡಚಿಕೊಂಡು ಗುಳ್ಳೆಯಾಗುತ್ತದೆ. ಒಳಗೆ ಒಂದಿಷ್ಟು ನೀರು ಸಿಕ್ಕಿಕೊಳ್ಳುತ್ತದೆ.

ಬ್ಯಾಂಗಮ್ ಮತ್ತು ಸಹೋದ್ಯೋಗಿ ಹಾರ್ನ್ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ 1964ರಲ್ಲಿ ಪ್ರಕಟಿಸಿದರು. ಔಷಧದ ಆಲೋಚನೆ ಅವರಿಗಿರಲಿಲ್ಲ. ಪೊರೆ ಅಂದರೆ ಏನು ಅನ್ನುವುದಷ್ಟೇ ಅವರ ಕುತೂಹಲ. ಒಳಗೆ ನೀರು ನಿಲ್ಲುತ್ತದೆ ಅಂದರೆ ಔಷಧವೂ ನಿಲ್ಲಬಹುದು ಎಂದು ಬೇರೆಯವರು ಯೋಚಿಸಿದ್ದು 1970ರ ದಶಕದಲ್ಲಿ. ಲಂಡನ್ನಿನಲ್ಲಿ ಗ್ರೆಗರಿ ಗ್ರೆಗೋರಿಯಾಡಿಸ್ ಅದರಲ್ಲಿ ಮೊದಲಿಗರು.

ಯೋಚನೆ ಬಂದ ಮೇಲೂ ರೋಗಿಯ ತನಕ ಹೋಗಲು ಎರಡು ದಶಕ ಬೇಕಾಯಿತು. ಆ ಕಥೆ ಜೆರುಸಲೇಮಿನದು. ಯೆಹೆಜ್ಕೆಲ್ ಬಾರೆನ್‌ಹೋಲ್ಜ್ ಪೊರೆಗಳ ಜೀವರಸಾಯನ ತಜ್ಞ. ಆಲ್ಬರ್ಟೋ ಗಾಬಿಜೋನ್ ಕ್ಯಾನ್ಸರ್ ವೈದ್ಯ. ಇಬ್ಬರೂ ಸೇರಿ ಹಿಡಿದದ್ದು ಡಾಕ್ಸೋರುಬಿಸಿನ್ ಎಂಬ ಕಿಮೋ ಔಷಧ. ನೋಡಲು ಕೆಂಪಗಿರುತ್ತದೆ, ಕ್ಯಾನ್ಸರ್ ಮೇಲೆ ಜೋರು, ಆದರೆ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಅವರ ಮೊದಲ ಗುಳ್ಳೆಗಳು ಕೈಕೊಟ್ಟವು. ಲಿವರ್ ಅವುಗಳನ್ನು ನುಂಗಿತು, ಉಳಿದವು ದಾರಿಯಲ್ಲೇ ಸೋರಿದವು.

ಎರಡು ಉಪಾಯ ಕೈಹಿಡಿದವು. ಒಂದು, ಗುಳ್ಳೆಯ ಹೊರಮೈಗೆ ಪಿಇಜಿ ಎಂಬ ಪಾಲಿಮರ್‌ನ ಎಳೆಗಳನ್ನು ಅಂಟಿಸುವುದು. ಅದು ಸುತ್ತ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ರೋಗನಿರೋಧಕ ಕಣಗಳಿಗೆ ಗುಳ್ಳೆ ಅಷ್ಟು ಬೇಗ ಗುರುತು ಸಿಗುವುದಿಲ್ಲ. ಇನ್ನೊಂದು ಉಪಾಯ ಇನ್ನೂ ಚೆಂದ. ಗುಳ್ಳೆಯೊಳಗೆ ಮೊದಲೇ ಅಮೋನಿಯಂ ಸಲ್ಫೇಟ್ ತುಂಬಿಡುತ್ತಾರೆ. ಹೊರಗಿನ ಔಷಧ ಪೊರೆ ದಾಟಿ ತಾನಾಗಿಯೇ ಒಳಗೆ ಬರುತ್ತದೆ. ಬಂದದ್ದು ಅಲ್ಲಿ ಹರಳುಗಟ್ಟಿ ಕೂರುತ್ತದೆ. ಹರಳಾದ ಮೇಲೆ ಸೋರುವುದೆಲ್ಲಿ? ಹೀಗೆ ಬಂದ ಡಾಕ್ಸಿಲ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1995ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಒಪ್ಪಿಗೆ ಪಡೆದ ಮೊದಲ ನ್ಯಾನೋ ಔಷಧ ಎಂದು ಇದನ್ನೇ ಹೇಳುತ್ತಾರೆ.

ಡಾಕ್ಸಿಲ್‌ನಿಂದ ಕ್ಯಾನ್ಸರ್ ಮಾಯವಾಗಲಿಲ್ಲ. ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು, ಅಷ್ಟೇ. ಜೊತೆಗೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ಹೊಸ ತೊಂದರೆಯೂ ಬಂತು. ಆದರೂ ಇದು ಸಣ್ಣ ಲಾಭ ಅಲ್ಲ. ಹೃದಯ ದುರ್ಬಲವಾಗಿರುವ ರೋಗಿಗೆ ಅದೇ ಎಲ್ಲಾ. ಇದರಲ್ಲಿ ನಮ್ಮ ದೇಶದ ಒಂದು ಎಳೆಯೂ ಇದೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿಗೆ ಹೋದದ್ದು ಭಾರತದ ಸನ್ ಫಾರ್ಮಾ ಮಾಡಿದ ಲಿಪೋಡಾಕ್ಸ್. ಮರುವರ್ಷ ಸನ್ ಫಾರ್ಮಾದ ಜನರಿಕ್‌ಗೆ ಅಲ್ಲಿ ಪೂರ್ತಿ ಒಪ್ಪಿಗೆಯೂ ಸಿಕ್ಕಿತು. ಇಂಥ ಗುಳ್ಳೆಯ ಜನರಿಕ್ ಮಾಡುವುದು ಮಾತ್ರೆಯ ಜನರಿಕ್ ಮಾಡಿದಷ್ಟು ಸುಲಭ ಅಲ್ಲ. ಒಳಗಿನ ಔಷಧ ಒಂದೇ ಆದರೆ ಸಾಲದು. ಗುಳ್ಳೆಯ ಗಾತ್ರ, ಪೊರೆ, ಸೋರುವ ವೇಗ ಎಲ್ಲವೂ ಹೊಂದಬೇಕು.

ಆಸ್ಪತ್ರೆಯಲ್ಲೊಬ್ಬ ಎಂಜಿನಿಯರ್

ರಾಬರ್ಟ್ ಲ್ಯಾಂಗರ್ ಹೆಸರನ್ನು ಈ ಕ್ಷೇತ್ರದಲ್ಲಿ ಕೇಳದವರಿಲ್ಲ. ಹುಟ್ಟಿದ್ದು 1948ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. 1974ರಲ್ಲಿ ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಿಂದ ಕೆಮಿಕಲ್ ಎಂಜಿನಿಯರಿಂಗ್ ಡಾಕ್ಟರೇಟ್ ಮುಗಿಸಿದ. ಅದು ತೈಲ ಬಿಕ್ಕಟ್ಟಿನ ಕಾಲ. ಎಣ್ಣೆ ಕಂಪನಿಗಳು ಕೆಮಿಕಲ್ ಎಂಜಿನಿಯರ್‌ಗಳನ್ನು ಕರೆಕರೆದು ಕೆಲಸ ಕೊಡುತ್ತಿದ್ದವು. ಲ್ಯಾಂಗರ್ ಕೈಯಲ್ಲೂ ಹಲವು ಆಫರ್‌ಗಳಿದ್ದವು. ಅವನ್ನೆಲ್ಲ ಬಿಟ್ಟು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜೂಡಾ ಫೋಕ್‌ಮನ್ ಎಂಬ ಸರ್ಜನ್ ಲ್ಯಾಬ್ ಸೇರಿದ. ನಮ್ಮ ಮನೆಗಳಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ಊಹಿಸಿಕೊಳ್ಳಿ.

ಫೋಕ್‌ಮನ್ ವಾದ ಹೀಗಿತ್ತು: ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳ ಬೇಕು. ಆ ನಾಳಗಳನ್ನು ತಡೆಯುವ ವಸ್ತು ಹುಡುಕಿದರೆ ಗಡ್ಡೆಯನ್ನು ನಿಲ್ಲಿಸಬಹುದು. ಇದನ್ನು ಪರೀಕ್ಷಿಸಲು ದೊಡ್ಡ ಪ್ರೋಟೀನ್ ಅಣುಗಳನ್ನು ದಿನಗಟ್ಟಲೆ ನಿಧಾನವಾಗಿ ಬಿಡುವ ಏನಾದರೂ ಬೇಕಿತ್ತು. ಅಷ್ಟು ದೊಡ್ಡ ಅಣು ಪ್ಲಾಸ್ಟಿಕ್‌ನೊಳಗಿಂದ ಹೊರಬರಲು ಸಾಧ್ಯವೇ ಇಲ್ಲ ಎಂದು ಆಗಿನ ತಜ್ಞರು ನಂಬಿದ್ದರು. ಲ್ಯಾಂಗರ್ ಪಾಲಿಮರ್‌ನೊಳಗೆ ಅಂಕುಡೊಂಕಾದ ಸಣ್ಣ ದಾರಿಗಳು ಉಳಿಯುವ ಹಾಗೆ ಮಾಡಿದ. ಅಣುಗಳು ಆ ದಾರಿಗಳಲ್ಲಿ ತೆವಳಿಕೊಂಡು ನಿಧಾನಕ್ಕೆ ಹೊರಗೆ ಬಂದವು. 1976ರಲ್ಲಿ ಲ್ಯಾಂಗರ್ ಮತ್ತು ಫೋಕ್‌ಮನ್ ಹೆಸರಲ್ಲಿ ಪೇಪರ್ ಬಂತು.

ಇಷ್ಟಾದರೂ ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳು ಆತನನ್ನು ಸೇರಿಸಿಕೊಳ್ಳಲಿಲ್ಲ. ಮೊದಲ ಒಂಬತ್ತು ಗ್ರಾಂಟ್ ಅರ್ಜಿಗಳೂ ತಿರಸ್ಕಾರವಾದವು ಎಂದು ಲ್ಯಾಂಗರ್ ಆಮೇಲೆ ಹೇಳಿಕೊಂಡಿದ್ದಾನೆ. ಎಂಜಿನಿಯರ್‌ಗೆ ಕ್ಯಾನ್ಸರ್ ಬಗ್ಗೆ ಏನು ಗೊತ್ತು ಅನ್ನುವ ಅನುಮಾನ. ಕೊನೆಗೆ ಎಂಐಟಿಯಲ್ಲಿ ಜಾಗ ಕೊಟ್ಟಿದ್ದು ಪೌಷ್ಟಿಕಾಂಶ ಮತ್ತು ಆಹಾರ ವಿಜ್ಞಾನ ವಿಭಾಗ! ಅಲ್ಲಿಂದ ಮುಂದೆ ಆದದ್ದು ಎಲ್ಲರಿಗೂ ಗೊತ್ತು. ನರ ಶಸ್ತ್ರಚಿಕಿತ್ಸಕ ಹೆನ್ರಿ ಬ್ರೆಮ್ ಜೊತೆ ಮಾಡಿದ ಗ್ಲಿಯಾಡೆಲ್ ಬಿಲ್ಲೆಗೆ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಮಿದುಳಿನ ಗಡ್ಡೆ ತೆಗೆದ ಜಾಗದಲ್ಲಿ ಇದನ್ನು ಇಟ್ಟರೆ ಔಷಧ ಅಲ್ಲೇ ನಿಧಾನಕ್ಕೆ ಬಿಡುಗಡೆಯಾಗುತ್ತದೆ. 2010ರಲ್ಲಿ ಶುರುವಾದ ಮಾಡರ್ನಾ ಕಂಪನಿಯ ಸಂಸ್ಥಾಪಕರಲ್ಲಿ ಲ್ಯಾಂಗರ್ ಕೂಡ ಒಬ್ಬ. ಸಾವಿರಕ್ಕೂ ಹೆಚ್ಚು ಪೇಟೆಂಟ್‌ಗಳಲ್ಲಿ, ಪೇಟೆಂಟ್ ಅರ್ಜಿಗಳಲ್ಲಿ ಆತನ ಹೆಸರಿದೆ.

ಲ್ಯಾಂಗರ್‌ನಂಥವರನ್ನು ನೋಡಿ ವೃತ್ತಿಯ ದಾರಿ ಹಾಕಿಕೊಳ್ಳುವುದು ಸ್ವಲ್ಪ ಅಪಾಯ ಅನ್ನಿಸುತ್ತದೆ ನನಗೆ. ಅದು ಬೋಸ್ಟನ್. ಒಂದೇ ಊರಿನಲ್ಲಿ ದೊಡ್ಡ ಆಸ್ಪತ್ರೆ, ಎಂಐಟಿ, ದುಡ್ಡು ಹಾಕುವವರು ಎಲ್ಲ ಇದ್ದರು. ನನಗೆ ಹೆಚ್ಚು ಇಷ್ಟವಾಗುವುದು ಕೆನಡಾದ ಪೀಟರ್ ಕಲಿಸ್ ದಾರಿ.

ಹುಳಿಯಲ್ಲಿ ಗುಣ ಬದಲಿಸುವ ಕೊಬ್ಬು

ಕಲಿಸ್ ಪಿಎಚ್‌ಡಿ ಮಾಡಿದ್ದು ಭೌತಶಾಸ್ತ್ರದಲ್ಲಿ, ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಆಕ್ಸ್‌ಫರ್ಡ್, ನೆದರ್ಲೆಂಡ್ಸಿನ ಉಟ್ರೆಕ್ಟ್ ಸುತ್ತಿ ಮತ್ತೆ ಅದೇ ವಿಶ್ವವಿದ್ಯಾಲಯಕ್ಕೆ ಬಂದ, ಈ ಸಲ ಜೀವರಸಾಯನ ವಿಭಾಗಕ್ಕೆ. ಆತನನ್ನು ಕಾಡಿದ ಪ್ರಶ್ನೆ ಕೇಳಲು ಸರಳ. ಪೊರೆ ಕಟ್ಟಲು ಒಂದು ಬಗೆಯ ಕೊಬ್ಬು ಸಾಕಲ್ಲ, ನಮ್ಮ ಜೀವಕೋಶಗಳಲ್ಲಿ ಯಾಕೆ ಇಷ್ಟೊಂದು ಬಗೆ? ಉಟ್ರೆಕ್ಟ್‌ನಲ್ಲಿ ಬೆನ್ ಡಿ ಕ್ರಾಯ್ಫ್ ಜೊತೆ ಸೇರಿ ಕಂಡುಕೊಂಡದ್ದು: ಕೆಲವು ಕೊಬ್ಬುಗಳಿಗೆ ನೆಟ್ಟಗೆ ಹಾಳೆಯಾಗಿ ನಿಲ್ಲುವುದು ಇಷ್ಟವಿಲ್ಲ. ಅವು ಸುರುಳಿ ಸುತ್ತಿ ಕೊಳವೆಯಾಗಲು ನೋಡುತ್ತವೆ. ಎರಡು ಪೊರೆಗಳು ಒಂದಾಗುವಾಗ, ಪೊರೆ ಒಡೆಯುವಾಗ ಇವುಗಳ ಪಾತ್ರ ದೊಡ್ಡದು. 1970ರ ದಶಕದ ಶುದ್ಧ ಕುತೂಹಲದ ಕೆಲಸ ಇದು. ಇದರಿಂದ ಏನು ಪ್ರಯೋಜನ ಅಂತ ಆಗ ಕೇಳಿದ್ದರೆ ಉತ್ತರ ಕೊಡಲು ಕಷ್ಟವಾಗುತ್ತಿತ್ತು.

ಪ್ರಯೋಜನ ಕಂಡದ್ದು ಆರ್‌ಎನ್‌ಎ ಔಷಧಗಳ ಕಾಲ ಬಂದಾಗ. ಆರ್‌ಎನ್‌ಎ ಅಂದರೆ ಜೀವಕೋಶ ಓದಬಲ್ಲ ಸಂದೇಶ. ಇಂಥ ಪ್ರೋಟೀನ್ ಮಾಡು ಅಂತ ಹೇಳಬಹುದು. ಇನ್ನೊಂದು ಬಗೆಯ ಆರ್‌ಎನ್‌ಎಯಿಂದ, ಇಂಥದ್ದನ್ನು ಮಾಡಬೇಡ ಅಂತಲೂ ಹೇಳಬಹುದು. ಆದರೆ ಅದನ್ನು ನೇರವಾಗಿ ಚುಚ್ಚಿದರೆ ರಕ್ತದ ಕಿಣ್ವಗಳು ನಿಮಿಷಗಳಲ್ಲಿ ಕತ್ತರಿಸುತ್ತವೆ. ಅದರ ಮೈಯೆಲ್ಲ ಋಣ ವಿದ್ಯುದಂಶ. ಹಾಗಾಗಿ ಧನ ವಿದ್ಯುದಂಶವಿರುವ ಕೊಬ್ಬಿನಲ್ಲಿ ಸುತ್ತಿದರೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಸರಿ, ಆದರೆ ಸದಾ ಧನವಾಗಿರುವ ಕೊಬ್ಬು ದೇಹಕ್ಕೆ ವಿಷ.

ಕಲಿಸ್ ಮತ್ತು ಜೊತೆಗಾರರ ಉಪಾಯ: ಬೇಕಾದಾಗ ಮಾತ್ರ ಧನವಾಗುವ ಕೊಬ್ಬು. ಹುಳಿ ದ್ರಾವಣದಲ್ಲಿ ಅದು ಧನ. ಹುಳಿಯ ಅಳತೆಗೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ ಸುಮಾರು 7.4. ಅಲ್ಲಿ ಅದು ತಟಸ್ಥ. ಫ್ಯಾಕ್ಟರಿಯಲ್ಲಿ ಹುಳಿ ನೀರಿನಲ್ಲಿ ಕರಗಿಸಿದ ಆರ್‌ಎನ್‌ಎಯನ್ನೂ ಆಲ್ಕೋಹಾಲಿನಲ್ಲಿ ಕರಗಿಸಿದ ಕೊಬ್ಬನ್ನೂ ಜೋರಾಗಿ ಬೆರೆಸುತ್ತಾರೆ. ಕ್ಷಣಮಾತ್ರದಲ್ಲಿ ಕಣಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಆಮೇಲೆ ಹುಳಿಯನ್ನೂ ಆಲ್ಕೋಹಾಲನ್ನೂ ತೆಗೆದರೆ ಕಣದ ಹೊರಮೈ ತಟಸ್ಥವಾಗುತ್ತದೆ. ಪಾಕದಲ್ಲಿ ನಾಲ್ಕು ಸಾಮಾನು: ಈ ಗುಣ ಬದಲಿಸುವ ಕೊಬ್ಬು, ಒಂದು ಸಾದಾ ಫಾಸ್ಫೋಲಿಪಿಡ್, ಕೊಲೆಸ್ಟರಾಲ್, ಪಿಇಜಿ ಅಂಟಿಸಿದ ಕೊಬ್ಬು.

ಕಣ ಜೀವಕೋಶವನ್ನು ಮುಟ್ಟಿದಾಗ ಕೋಶ ಅದನ್ನು ಒಂದು ಚೀಲದಲ್ಲಿ ನುಂಗುತ್ತದೆ. ಈ ಚೀಲದ ಹೆಸರು ಎಂಡೋಸೋಮ್. ನುಂಗಿದ್ದನ್ನು ಅರಗಿಸಲು ಕೋಶ ಚೀಲದ ಒಳಗನ್ನು ಹುಳಿ ಮಾಡುತ್ತಾ ಹೋಗುತ್ತದೆ. ಪಿಎಚ್ 6ರ ಕಡೆಗೆ ಇಳಿಯುತ್ತದೆ, ಆಮೇಲೆ 5ರ ಕಡೆಗೆ. ಅಲ್ಲೇ ನಮ್ಮ ಕೊಬ್ಬು ಮತ್ತೆ ಧನವಾಗುತ್ತದೆ. ಚೀಲದ ಪೊರೆಯ ಋಣ ಕೊಬ್ಬಿನ ಜೊತೆ ಜೋಡಿಯಾಗುತ್ತದೆ. ಆ ಜೋಡಿಗೆ ಹಾಳೆಯಾಗಿ ನಿಲ್ಲುವುದು ಆಗದು. ಪೊರೆ ಒಡೆಯುತ್ತದೆ, ಆರ್‌ಎನ್‌ಎ ಹೊರಗೆ. 1970ರ ದಶಕದ ಆ ಕುತೂಹಲ ಇಲ್ಲಿ ಕೆಲಸಕ್ಕೆ ಬಂತು, ನೋಡಿ.

ಈ ಬಗೆಯ ಕಣದಲ್ಲಿ ಬಂದ ಮೊದಲ ಔಷಧ ಓನ್‌ಪ್ಯಾಟ್ರೋ. 2018ರಲ್ಲಿ ಎಫ್‌ಡಿಎ ಒಪ್ಪಿತು. ವಂಶದಲ್ಲಿ ಬರುವ ಒಂದು ಅಪರೂಪದ ಕಾಯಿಲೆಯಲ್ಲಿ ಲಿವರ್ ಮಾಡುವ ಕೆಟ್ಟ ಪ್ರೋಟೀನ್ ನರಗಳಲ್ಲಿ ಶೇಖರವಾಗುತ್ತದೆ. ಅದನ್ನು ಮಾಡಬೇಡ ಅಂತ ಲಿವರ್‌ಗೆ ಹೇಳುವ ಆರ್‌ಎನ್‌ಎ ಇದು. ಎರಡೇ ವರ್ಷದಲ್ಲಿ ಕೋವಿಡ್ ಬಂದಾಗ ಸುತ್ತಿ ಕೊಡುವ ವಿದ್ಯೆ ತಯಾರಾಗಿತ್ತು. ಫೈಜರ್ ಮತ್ತು ಬಯೋಎನ್‌ಟೆಕ್ ಲಸಿಕೆಯ ಕೊಬ್ಬಿನ ತಂತ್ರ ಬಂದದ್ದು ಕಲಿಸ್ ಸಹ-ಸಂಸ್ಥಾಪಕನಾಗಿರುವ ವ್ಯಾಂಕೂವರಿನ ಆಕ್ಯುಟಾಸ್ ಕಂಪನಿಯಿಂದ.

ಕರಿಕೊ ಬಿಡದ ಹಟ

ಸುತ್ತುವವರು ಒಂದು ಕಡೆ. ಒಳಗಿನ ಆರ್‌ಎನ್‌ಎಯದೇ ಒಂದು ತಕರಾರಿತ್ತು. ಹೊರಗಿನಿಂದ ಬಂದ ಆರ್‌ಎನ್‌ಎ ಕಂಡರೆ ದೇಹ ವೈರಸ್ ಬಂತೆಂದು ಉರಿಯೂತ ಎಬ್ಬಿಸುತ್ತದೆ.

ಕಾಟಲಿನ್ ಕರಿಕೊ ಹಂಗೇರಿಯವಳು, ಕಟುಕನ ಮಗಳು, ಜೀವರಸಾಯನ ಓದಿದವಳು. 1985ರಲ್ಲಿ ಅಲ್ಲಿನ ಲ್ಯಾಬ್‌ಗೆ ದುಡ್ಡು ನಿಂತಿತು. ಗಂಡ, ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೊರಟಳು. ಕಾರು ಮಾರಿ ಬಂದ ಸುಮಾರು 900 ಪೌಂಡನ್ನು ಮಗಳ ಟೆಡ್ಡಿ ಬೇರ್‌ನೊಳಗೆ ಹೊಲಿದು ಒಯ್ದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎಯನ್ನೇ, ಅಂದರೆ ಪ್ರೋಟೀನ್ ಮಾಡು ಅಂತ ಹೇಳುವ ಆರ್‌ಎನ್‌ಎಯನ್ನೇ, ಹಿಡಿದು ಕೂತಳು. ಗ್ರಾಂಟ್ ಬರಲಿಲ್ಲ. 1995ರಲ್ಲಿ ಅಲ್ಲಿ ಆಕೆಯ ಹುದ್ದೆಯನ್ನು ಇಳಿಸಲಾಯಿತು. ಆದರೂ ಬಿಟ್ಟು ಹೋಗಲಿಲ್ಲ. ಜೆರಾಕ್ಸ್ ಮೆಷಿನ್ ಹತ್ತಿರ ಪರಿಚಯವಾದವನು ಡ್ರೂ ವೈಸ್‌ಮನ್. ಆತ ವೈದ್ಯ, ರೋಗನಿರೋಧಕ ಶಕ್ತಿಯ ತಜ್ಞ, ಎಚ್‌ಐವಿ ಲಸಿಕೆಯ ಹಿಂದೆ ಬಿದ್ದಿದ್ದ.

ಇಬ್ಬರಿಗೂ ಒಂದು ಸುಳಿವು ಸಿಕ್ಕಿತು. ನಮ್ಮದೇ ಜೀವಕೋಶದ ಟಿಆರ್‌ಎನ್‌ಎ ಎಂಬ ಇನ್ನೊಂದು ಬಗೆಯ ಆರ್‌ಎನ್‌ಎ ಉರಿಯೂತ ಎಬ್ಬಿಸುವುದಿಲ್ಲ. ಅದರ ಅಕ್ಷರಗಳಲ್ಲಿ ಹಲವು ಸ್ವಲ್ಪ ತಿದ್ದಿದವು. ಹಾಗಾದರೆ ಎಂಆರ್‌ಎನ್‌ಎಯ ಯೂರಿಡಿನ್ ಎಂಬ ಅಕ್ಷರದ ಜಾಗದಲ್ಲಿ ಅದರ ತಿದ್ದಿದ ರೂಪ ಸ್ಯೂಡೋಯೂರಿಡಿನ್ ಹಾಕಿದರೆ? ಉರಿಯೂತ ಬಹುಪಾಲು ನಿಂತಿತು. 2005ರಲ್ಲಿ ಪೇಪರ್ ಬಂದಾಗ ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ. 2023ರಲ್ಲಿ ಅದೇ ಕೆಲಸಕ್ಕೆ ಇಬ್ಬರಿಗೂ ನೊಬೆಲ್ ಬಂತು. ಇದನ್ನು ಹಟಕ್ಕೆ ಸಿಕ್ಕ ಜಯ ಅಂತ ಹೇಳುವುದು ರೂಢಿ. ಇರಬಹುದು. ಆದರೆ ಗ್ರಾಂಟ್ ಕೊಡುವ ವ್ಯವಸ್ಥೆ ಇಪ್ಪತ್ತು ವರ್ಷ ತಪ್ಪು ಅಂದಾಜು ಮಾಡಿತ್ತು ಅನ್ನುವುದೂ ಅಷ್ಟೇ ನಿಜ. ಹಾಗೆಯೇ ಕೈಬಿಟ್ಟು ಹೋದ ಎಷ್ಟೋ ಜನರ ಹೆಸರು ನಮಗೆ ತಿಳಿಯುವುದೇ ಇಲ್ಲ.

ಬೆಂಗಳೂರಿನಲ್ಲಿ ಅಳೆದ ಹುಳಿ

ಎಂಡೋಸೋಮಿನ ಹುಳಿಯ ಮೇಲೆ ಇಷ್ಟೆಲ್ಲ ನಿಂತಿದೆ ಅಂದೆನಲ್ಲ, ಬದುಕಿರುವ ಕೋಶದೊಳಗೆ ಅದನ್ನು ಅಳೆಯುವುದು ಹೇಗೆ? ಅದಕ್ಕೊಂದು ಜಾಣ ಉತ್ತರ ಬಂದದ್ದು ಬೆಂಗಳೂರಿನ ಎನ್‌ಸಿಬಿಎಸ್‌ನಿಂದ. ಯಮುನಾ ಕೃಷ್ಣನ್ ಐಐಎಸ್‌ಸಿಯಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮಾಡಿ, ಕೇಂಬ್ರಿಜ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮುಗಿಸಿ, ಜೀವಶಾಸ್ತ್ರದ ಸಂಸ್ಥೆಯಾದ ಎನ್‌ಸಿಬಿಎಸ್ ಸೇರಿದವರು. ಅವರ ಕೈಯಲ್ಲಿ ಡಿಎನ್‌ಎ ವಂಶವಾಹಿಯಾಗಿ ಉಳಿಯಲಿಲ್ಲ, ಕಟ್ಟಡದ ಸಾಮಾನಾಯಿತು. ಸೈಟೋಸಿನ್ ಎಂಬ ಅಕ್ಷರ ಹೆಚ್ಚಿರುವ ಡಿಎನ್‌ಎ ಎಳೆ ಹುಳಿಯಲ್ಲಿ ಮಡಚಿಕೊಳ್ಳುತ್ತದೆ, ಹುಳಿ ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ. ಎರಡು ತುದಿಗೂ ಹೊಳೆಯುವ ಬಣ್ಣದ ಅಣು ಅಂಟಿಸಿದರೆ, ಮಡಚಿದಾಗ ಅವು ಹತ್ತಿರ ಬರುತ್ತವೆ, ಬೆಳಕಿನ ಬಣ್ಣ ಬದಲಾಗುತ್ತದೆ. ಬಣ್ಣ ನೋಡಿ ಪಿಎಚ್ ಹೇಳಬಹುದು.

ಐ-ಸ್ವಿಚ್ ಎಂಬ ಈ ಯಂತ್ರ 2009ರಲ್ಲಿ ಬದುಕಿರುವ ಕೋಶದ ಒಳಗೆ ಎಂಡೋಸೋಮ್ ಹುಳಿಯಾಗುತ್ತಾ ಹೋಗುವುದನ್ನು ಅಳೆದು ತೋರಿಸಿತು. ಎರಡು ವರ್ಷದ ನಂತರ ಬದುಕಿರುವ ಹುಳುವಿನ ಮೈಯಲ್ಲೂ ಅಳೆದರು. 2013ರಲ್ಲಿ ಕೃಷ್ಣನ್‌ಗೆ ಭಟ್ನಾಗರ್ ಪ್ರಶಸ್ತಿ ಬಂತು, ಅದೂ ರಸಾಯನಶಾಸ್ತ್ರದ ವಿಭಾಗದಲ್ಲಿ. ಮರುವರ್ಷ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ನ್ಯಾನೋ ಅಂದರೆ ಔಷಧ ಒಯ್ಯುವುದೊಂದೇ ಅಲ್ಲ, ಒಳಗೆ ಏನಾಗುತ್ತಿದೆ ಎಂದು ವರದಿ ತರುವುದೂ ಹೌದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬೆಂಗಳೂರಿನ ಲ್ಯಾಬ್‌ಗಳು ಇನ್ನೂ ಇವೆ. ಐಐಎಸ್‌ಸಿಯ ಅಂಬರೀಶ್ ಘೋಷ್ ಭೌತಶಾಸ್ತ್ರದವರು. ಪಿಎಚ್‌ಡಿಯಲ್ಲಿ ಅವರು ನೋಡಿದ್ದು ದ್ರವ ಹೀಲಿಯಂನೊಳಗಿನ ಎಲೆಕ್ಟ್ರಾನ್‌ಗಳನ್ನು. ಈಗ ಅವರ ತಂಡ ಸ್ಕ್ರೂ ಆಕಾರದ ಸಣ್ಣ ಕಣಗಳನ್ನು ಮಾಡಿ ಆಯಸ್ಕಾಂತ ಕ್ಷೇತ್ರವನ್ನು ತಿರುಗಿಸಿ ನಡೆಸುತ್ತದೆ. ಶುರುವಿನಲ್ಲಿ ಹೇಳಿದ ಪುಟ್ಟ ರೋಬೋ ಇದೇ. 2022ರಲ್ಲಿ ಈ ತಂಡ, ಅಲ್ಲಿಂದಲೇ ಹುಟ್ಟಿದ ಥೆರಾನಾಟಿಲಸ್ ಕಂಪನಿಯ ಜೊತೆ ಸೇರಿ, ಇವನ್ನು ಹಲ್ಲಿನೊಳಗಿನ ಸಣ್ಣ ಕೊಳವೆಗಳಿಗೆ ಆಳವಾಗಿ ನುಗ್ಗಿಸಿ ಬ್ಯಾಕ್ಟೀರಿಯಾ ಕೊಲ್ಲುವುದನ್ನು ತೋರಿಸಿತು. ಅಂದರೆ ರೂಟ್ ಕೆನಾಲ್ ಮಾಡಿದ ಮೇಲೂ ಉಳಿಯುವ ಸೋಂಕಿಗೆ ಮದ್ದು. ಅದೇ ಕ್ಯಾಂಪಸ್ಸಿನ ಮುಗೇಶ್ ರಸಾಯನಶಾಸ್ತ್ರಜ್ಞ. ವೆನೇಡಿಯಂ ಆಕ್ಸೈಡಿನ ನ್ಯಾನೋ ತಂತಿಗಳು ನಮ್ಮ ದೇಹದ ಒಂದು ಕಿಣ್ವದ ಕೆಲಸವನ್ನೇ ಮಾಡುತ್ತವೆ ಎಂದು ಅವರ ತಂಡ 2014ರಲ್ಲಿ ತೋರಿಸಿತು.

ಎಲ್ಲಿ ಸಿಕ್ಕಿಹಾಕಿಕೊಂಡಿದೆ

ಈ ಕ್ಷೇತ್ರದ ಜಾಹೀರಾತು ಜಾಸ್ತಿ, ಫಲ ಕಡಿಮೆ ಅನ್ನುವ ಟೀಕೆ ಸುಳ್ಳಲ್ಲ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಆದ್ದರಿಂದ ನ್ಯಾನೋ ಕಣಗಳು ಅಲ್ಲಿ ತಾವಾಗಿಯೇ ಸೇರುತ್ತವೆ ಎಂದು 1986ರಲ್ಲಿ ಜಪಾನಿನ ಹಿರೋಶಿ ಮಾಯೆದಾ ಮತ್ತು ಮತ್ಸುಮುರಾ ಹೇಳಿದ್ದರು. ಅದನ್ನು ನಂಬಿ ಸಾವಿರಾರು ಪೇಪರ್‌ಗಳು ಬಂದವು. 2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹಿಂದಿನ ಹತ್ತು ವರ್ಷದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿತು. ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇ 0.7 ಮಾತ್ರ. ಅದೂ ಪ್ರಾಣಿಗಳಲ್ಲಿ. ಕ್ಷೇತ್ರದೊಳಗಿನವರೇ ಇಂಥ ಲೆಕ್ಕ ಹೊರಗಿಟ್ಟದ್ದು ನನಗೆ ಮೆಚ್ಚುಗೆಯಾಯಿತು.

ಕೊಬ್ಬಿನ ಕಣಗಳ ಕಥೆಯೂ ಸುಗಮವಲ್ಲ. ರಕ್ತಕ್ಕೆ ಹೋದ ಕೂಡಲೇ ಅಪೋಇ ಎಂಬ ಪ್ರೋಟೀನ್ ಅವುಗಳಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ಗುರುತಿಸಿ ಒಳಗೆ ಕರೆದುಕೊಳ್ಳುವುದು ಲಿವರ್. ಹಾಗಾಗಿ ಲಿವರ್ ಕಾಯಿಲೆಗೆ ಸರಿ, ಮಿದುಳಿಗೋ ಹೃದಯಕ್ಕೋ ಕಳಿಸುವುದು ಕಷ್ಟ. ಒಳಗೆ ಹೋದ ಮೇಲೂ ಎಂಡೋಸೋಮಿನಿಂದ ತಪ್ಪಿಸಿಕೊಳ್ಳುವ ಆರ್‌ಎನ್‌ಎ ಬರೀ ಶೇ 1ರಿಂದ 2 ಎಂದು 2013ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಲ್ಯಾಬ್ ಒಂದು ತೋರಿಸಿತು. ಉಳಿದದ್ದೆಲ್ಲ ಅರಗಿ ಹೋಗುತ್ತದೆ. ಇಷ್ಟು ಸೋರಿಕೆ ಇಟ್ಟುಕೊಂಡೇ ಲಸಿಕೆ ಕೆಲಸ ಮಾಡಿತು. ತಪ್ಪಿಸಿಕೊಳ್ಳುವ ಪಾಲನ್ನು ಶೇ 10ಕ್ಕೆ ಏರಿಸಿದರೂ ಡೋಸ್ ಎಷ್ಟು ಕಡಿಮೆಯಾಗಬಹುದು ಲೆಕ್ಕ ಹಾಕಿ.

ಲಿವರ್‌ಗೇ ಹೋಗುವ ಈ ಚಾಳಿಯನ್ನು ಫಿಲಡೆಲ್ಫಿಯಾದ ವೈದ್ಯರು ಚೆನ್ನಾಗಿ ಬಳಸಿಕೊಂಡರು. ಲಿವರ್‌ನ ಒಂದು ಕಿಣ್ವದ ದೋಷದಿಂದ ರಕ್ತದಲ್ಲಿ ಅಮೋನಿಯಾ ಏರುತ್ತಿದ್ದ ಒಂದು ಕೂಸಿಗೆ 2025ರ ಫೆಬ್ರುವರಿಯಲ್ಲಿ, ಆ ಕೂಸಿಗಾಗಿಯೇ ಮಾಡಿದ ಜೀನ್ ತಿದ್ದುವ ಔಷಧ ಕೊಟ್ಟರು. ಒಯ್ದದ್ದು ಕೊಬ್ಬಿನ ನ್ಯಾನೋ ಕಣ. ತಯಾರಿಗೆ ಹಿಡಿದದ್ದು ಆರು ತಿಂಗಳು. ಮುಂದೆ ನಿಂತವರು ಮಕ್ಕಳ ವೈದ್ಯೆ ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಹೃದ್ರೋಗ ತಜ್ಞ ಕಿರಣ್ ಮುಸುನೂರು.

ನಮ್ಮ ಹುಡುಗರಿಗೆ

ಇಲ್ಲಿ ಈ ದಾರಿ ಹಿಡಿಯುವವರಿಗೆ ಲೆಕ್ಕ ಹೀಗಿದೆ. ಡಿಗ್ರಿ ಯಾವುದಾದರೂ ಆಗಬಹುದು: ಫಾರ್ಮಸಿ, ರಸಾಯನ, ಭೌತ, ಬಯೋಟೆಕ್, ಎಂಜಿನಿಯರಿಂಗ್. ನೆಟ್ ಅಥವಾ ಗೇಟ್ ಬರೆದು ಪಿಎಚ್‌ಡಿಗೆ ಸೇರಿದರೆ ಐದಾರು ವರ್ಷ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ಪಿನ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಆಮೇಲೆ ಪೋಸ್ಟ್‌ಡಾಕ್, ಹೆಚ್ಚಾಗಿ ಹೊರದೇಶದಲ್ಲಿ. ವಾಪಸ್ ಬರಲು ರಾಮಲಿಂಗಸ್ವಾಮಿ, ರಾಮಾನುಜನ್ ಫೆಲೋಶಿಪ್‌ಗಳಿವೆ. ಪ್ರೊಫೆಸರ್ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಲ್ಯಾಬ್‌ನಾಚೆಗೂ ಕೆಲಸ ಇದೆ. ಕಂಪನಿಗಳಲ್ಲಿ ಫಾರ್ಮುಲೇಶನ್, ಕಣಗಳ ಗಾತ್ರ ಮತ್ತು ಗುಣ ಪರೀಕ್ಷೆ, ಪೇಟೆಂಟ್, ಸರಕಾರದ ಅನುಮತಿಗೆ ಬೇಕಾದ ದಾಖಲೆ. ನ್ಯಾನೋ ಔಷಧಗಳ ಪರೀಕ್ಷೆಗೆ ಕೇಂದ್ರ ಸರಕಾರ 2019ರಲ್ಲಿ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಅದನ್ನು ಓದಿ ಅರ್ಥ ಮಾಡಿಕೊಂಡವನಿಗೆ ಬೇಡಿಕೆ ಇದ್ದೇ ಇದೆ.

ಗೈಡ್ ಆರಿಸುವಾಗ ಒಂದು ಕೆಲಸ ಮಾಡಿ. ಲ್ಯಾಬ್‌ನ ಪುಟದಲ್ಲಿ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ. ಅವರು ಯಾವ್ಯಾವ ವಿಷಯದಿಂದ ಬಂದವರು ನೋಡಿ. ಎಲ್ಲರೂ ಒಂದೇ ವಿಷಯದವರಾದರೆ ಸ್ವಲ್ಪ ಯೋಚಿಸಿ. ಪೇಪರ್‌ಗಳಲ್ಲಿ ಯಾವುದಾದರೂ ಆಸ್ಪತ್ರೆಯ ವೈದ್ಯರ ಹೆಸರು ಜೊತೆಗಿದೆಯೇ ಅನ್ನುವುದನ್ನೂ ನೋಡಿ. ಇಲ್ಲದಿದ್ದರೆ, ಯಾಕಿಲ್ಲ ಅಂತ ಇಂಟರ್‌ವ್ಯೂನಲ್ಲೇ ಕೇಳಿಬಿಡಿ.